ಕೆರೆಯ ಜಿಲೇಬಿ ಮೀನೂ ಅದರ ಬಂಧುಬಳಗವೂ

ಮೈಸೂರಿನ ಸುತ್ತಮುತ್ತಣ ಕೆರೆಗಳಲ್ಲಿ ಬಲೆ ಬೀಸುವವರಿಗೆ ಜಿಲೇಬಿ ಮೀನು ಚಿರಪರಿಚಿತವಾದುದು. ಎಷ್ಟೋ ಮಂದಿ ಅದನ್ನು ಊರಿನ ಮೀನೆಂದೇ ಭಾವಿಸಿರುವರು. ವಾಸ್ತವವಾಗಿ ಅದರ ತವರು ಆಗ್ನೇಯ ಆಫ್ರಿಕದ ಹೊಳೆಗಳು. ಆದರೆ ಅದೇ ಮನೆತನಕ್ಕೆ ಸೇರಿದ, ನಮ್ಮ ನಾಡಿನ ಹೆಸರನ್ನೇ ಹೊತ್ತ ಮೀನೊಂದು ಕನ್ನಡ ಜಿಲ್ಲೆಯ ತೊರೆಗಳಲ್ಲಿ ಉಂಟು. ಅದನ್ನು ಬಲ್ಲವರು ವಿರಳ. ಈ ತಿಂಗಳು ಆ ಮನೆತನದ ವಿಚಾರವನ್ನು ವಾಚಕರ ಮುಂದಿಡುವೆವು.

ಪ್ರಾಣಿಶಾಸ್ತ್ರಜ್ಞರು ಈ ಮನೆತನವನ್ನು ಸಿಕ್ಲಿಡ್ ಕುಟುಂಬವೆಂದು ಕರೆಯುವರು. ಇದರಲ್ಲಿ ಈವರೆಗೆ 1,700ಕ್ಕೂ ಮಿಕ್ಕ ಜಾತಿಗಳನ್ನು ಗುರುತಿಸಿರುವರು. ಸಾಮಾನ್ಯವಾಗಿ ಮೀನುಗಳಿಗೆ ಮೂಗಿನ ರಂಧ್ರಗಳು ಒಂದೊಂದು ಪಕ್ಕದಲ್ಲಿ ಎರಡೆರಡು, ಇವಕ್ಕಾದರೋ ಒಂದೊಂದೇ. ಮೈಯ ಪಕ್ಕದಲ್ಲಿ ಹರಿಯುವ ಗೆರೆಯು ಇವುಗಳಲ್ಲಿ ಬಹುಮಟ್ಟಿಗೆ ನಡುವೆ ತುಂಡಾಗಿ ಎರಡಾಗಿರುವುದು. ಗಂಟಲಿನೊಳಗೆ ಮತ್ತೊಂದು ದವಡೆಯಿದ್ದು, ಬಾಯಿ ಹಿಡಿದುದನ್ನು ಅದು ಅರೆಯುವುದು. ಹೀಗೆ ಹಿಡಿಯುವ ಕೆಲಸ ಒಂದಕ್ಕೂ ಅರೆಯುವ ಕೆಲಸ ಇನ್ನೊಂದಕ್ಕೂ ಹಂಚಿಹೋಗಿರುವುದರಿಂದಲೇ ಇವು ಬಗೆಬಗೆಯ ಆಹಾರಕ್ಕೆ ಹೊಂದಿಕೊಂಡು ಇಷ್ಟು ಜಾತಿಗಳಾದುವೆಂದು ಅನೇಕ ವಿದ್ವಾಂಸರ ಮತ.

ಈ ಕುಟುಂಬಕ್ಕೆ ನಾಲ್ಕು ಶಾಖೆಗಳು. ಒಂದು ಅಮೆರಿಕ ಖಂಡಗಳಲ್ಲಿಯೂ, ಒಂದು ಆಫ್ರಿಕ ಮತ್ತು ಪಶ್ಚಿಮ ಏಷ್ಯದಲ್ಲಿಯೂ, ಒಂದು ಮಡಗಾಸ್ಕರ್ ದ್ವೀಪದಲ್ಲಿಯೂ ಇರುವುವು. ನಾಲ್ಕನೆಯದು ಇಂಡಿಯ, ಸಿಂಹಳ, ಮಡಗಾಸ್ಕರ್‌ಗಳಲ್ಲಿ ಹರಡಿದೆ. ನಮ್ಮ ಸ್ವದೇಶೀ ಮೀನುಗಳು ಸೇರುವುದು ಈ ನಾಲ್ಕನೆಯ ಶಾಖೆಗೆ. ಆದುದರಿಂದ ಕೆರೆಯ ಜಿಲೇಬಿಗಿಂತಲೂ ಕಡಲಾಚೆಯ ಮಡಗಾಸ್ಕರಿನ ಮೀನೇ ಇವಕ್ಕೆ ಹತ್ತಿರದ ನಂಟು! ಇಂಡಿಯ ಮತ್ತು ಮಡಗಾಸ್ಕರ್ ಸುಮಾರು 9 ಕೋಟಿ ವರ್ಷಗಳ ಹಿಂದೆ ಬೇರೆಯಾದಾಗಲೇ ಈ ಬಳಗವೂ ಅಗಲಿತೆಂದು ಕೆಲವರೂ, ಅನಂತರ ಕಡಲು ದಾಟಿ ಬಂದುವೆಂದು ಮತ್ತೆ ಕೆಲವರೂ ವಾದಿಸುವರು.

ಇಂಡಿಯದ ಸ್ವಂತ ಸಿಕ್ಲಿಡ್‌ಗಳು ಮೂರೇ. ಮೊದಲನೆಯದು, ಕೇರಳದವರು ಕರಿಮೀನ್ ಎನ್ನುವ ಎಟ್ರೋಪ್ಲಸ್ ಸುರಟೆನ್ಸಿಸ್. ಅಳಿವೆಗಳ ಉಪ್ಪುನೀರಿನಲ್ಲಿಯೂ ಸಿಹಿನೀರಿನಲ್ಲಿಯೂ ಬಾಳಬಲ್ಲುದು. ಎರಡನೆಯದು ಕಿತ್ತಲೆ ಹಳದಿಯ ಪುಟ್ಟ ಮೀನು. ಇದರ ಮರಿಗಳು ತಾಯಿತಂದೆಗಳ ಮೈಯ ಲೋಳೆಯನ್ನು ಮೇಯುವುವು. ಮೂರನೆಯದೇ ಎಟ್ರೋಪ್ಲಸ್ ಕೆನರೆನ್ಸಿಸ್, ಎಂದರೆ ಕನ್ನಡ ಜಿಲ್ಲೆಯದು. ಸೈನ್ಯದ ವೈದ್ಯರಾಗಿದ್ದ ಫ್ರಾನ್ಸಿಸ್ ಡೇ ಎಂಬವರು 1877ರಲ್ಲಿ ಇದನ್ನು ವರ್ಣಿಸಿ ಈ ಹೆಸರಿಟ್ಟರು. ಇದರ ವಾಸ ನೇತ್ರಾವತಿಯ ಆಸುಪಾಸಿನ ಸಿಹಿನೀರಿನ ಹೊಳೆಗಳಲ್ಲಿ. ಇಷ್ಟು ಕಿರಿದಾದ ನೆಲೆಯುಳ್ಳ ಜೀವಿಗೆ ಆ ಹೊಳೆ ಕೆಟ್ಟರೆ ಬೇರೆ ಮನೆಯೆಲ್ಲಿ?

ಜಿಲೇಬಿಯ ಕಥೆಯಾದರೋ ಬೇರೆ. 1952ರಲ್ಲಿ, ಅಗ್ಗದ ಆಹಾರವಾದೀತೆಂಬ ಸದುದ್ದೇಶದಿಂದಲೇ ಇದನ್ನು ಇಂಡಿಯಕ್ಕೆ ತಂದರು. ಗಂಡು ಕೆರೆಯ ತಳದಲ್ಲಿ ಗುಳಿ ತೋಡುವುದು. ಹೆಣ್ಣು ತತ್ತಿಗಳನ್ನು ಬಾಯೊಳಗಿಟ್ಟು ಕಾಪಾಡಿ, ಮರಿಗಳಾದ ಮೇಲೂ ಅಪಾಯ ಕಂಡರೆ ಬಾಯೊಳಗೆ ಸೇರಿಸಿಕೊಳ್ಳುವುದು. ಕೆಲವೇ ತಿಂಗಳಲ್ಲಿ ಪ್ರಾಯಕ್ಕೆ ಬಂದು, ವರ್ಷಕ್ಕೆ ಹಲವು ಬಾರಿ ಮರಿ ಮಾಡುವುದು. ಕೊಳಕು ನೀರಿನಲ್ಲಿಯೂ ಬದುಕುವುದು. ಫಲವಾಗಿ ಕೆರೆಯೆಲ್ಲ ಗಿಡ್ಡ ಜಿಲೇಬಿಗಳಿಂದ ತುಂಬಿ, ಉಳಿದ ಮೀನುಗಳಿಗೆ ಮೇವೂ ಎಡೆಯೂ ಸಾಲದಾಯಿತು. 1959ರಲ್ಲಿಯೇ ಮೀನುಗಾರಿಕಾ ಸಂಶೋಧನಾ ಸಮಿತಿಯು ಇದರ ಪ್ರಸಾರವನ್ನು ನಿಷೇಧಿಸಿತು. ಆದರೆ ಕೆರೆ ಸೇರಿದ ಮೀನನ್ನು ಹಿಂದಕ್ಕೆ ಕರೆಯುವವರು ಯಾರು? ಬಡವರ ತಟ್ಟೆಗೆ ಅದು ಒದಗುತ್ತಿರುವುದೂ ನಿಜವೇ. ಆದುದರಿಂದ ಮೀನನ್ನು ನಿಂದಿಸಿ ಫಲವಿಲ್ಲ.

ಎರಡನ್ನೂ ಬೇರೆಯಾಗಿ ಗುರುತಿಸುವ ಉಪಾಯ ಸುಲಭವಾದುದು. ಹೊಟ್ಟೆಯ ಹಿಂದೆ, ಬಾಲಕ್ಕೆ ಮುಂಚೆ, ಕೆಳಭಾಗದಲ್ಲಿರುವ ಈಜುರೆಕ್ಕೆಯ ಮುಳ್ಳುಗಳನ್ನು ಎಣಿಸತಕ್ಕದ್ದು. ಜಿಲೇಬಿಗೆ ಸಾಮಾನ್ಯವಾಗಿ ಮೂರು; ನಮ್ಮ ಸ್ವದೇಶೀ ಮೀನುಗಳಿಗೆ ಹತ್ತಕ್ಕೂ ಹೆಚ್ಚು. ಅಡಿಗೆಮನೆಯಲ್ಲಿಯೇ ಮಕ್ಕಳಿಗೆ ಇದನ್ನು ತೋರಿಸಬಹುದು.

ಗೃಹಸ್ಥರಲ್ಲಿ ನಮ್ಮದೊಂದು ಬಿನ್ನಹ. ಈಗ ಅನೇಕ ಮನೆಗಳ ಗಾಜಿನ ತೊಟ್ಟಿಗಳಲ್ಲಿ ಏಂಜೆಲ್, ಆಸ್ಕರ್ ಎಂಬ ಅಂದದ ಮೀನುಗಳಿರುವುವು. ಇವೂ ಸಿಕ್ಲಿಡ್‌ಗಳೇ, ದಕ್ಷಿಣ ಅಮೆರಿಕದವು. ಸಾಕಲು ಬೇಸರವಾದಾಗ, ಕೊಲ್ಲಲಾರದೆ, ಪುಣ್ಯವೆಂದು ಬಗೆದು ಕುಕ್ಕರಹಳ್ಳಿ ಕೆರೆಗೋ ಹೊಳೆಗೋ ಬಿಡುವುದುಂಟು. ಅದು ಪುಣ್ಯವಲ್ಲ, ನೀರಿನೊಳಗಿನ ಮೂಲ ಒಕ್ಕಲನ್ನು ಎಬ್ಬಿಸುವ ಕೆಲಸ. ಸಾಕುವ ಮನಸ್ಸುಳ್ಳ ಮತ್ತೊಬ್ಬರಿಗೆ ಅವನ್ನು ಒಪ್ಪಿಸಿರಿ, ಅಥವಾ ತಂದ ಅಂಗಡಿಗೇ ಮರಳಿಸಿರಿ. ಕೆರೆಗೆ ಮಾತ್ರ ಬಿಡಬೇಡಿರಿ.