ಗಾಂಧೀಜಿ ಬಾಯಿಗೆ ಸೇಲ್ಸ್‌ಮನ್ ಮಾತು

ಬ್ಯಾಂಕು, ಪೋಸ್ಟಾಫೀಸು, ವಿಮೆ ಕಚೇರಿ, ರೈಲ್ವೆ ಸ್ಟೇಷನ್ನು, ಎಲ್ಲಾದರೊಂದು ಕಡೆ ಈ ಬೋರ್ಡನ್ನು ನೀವು ನೋಡಿಯೇ ಇರ್ತೀರಿ. ಪಕ್ಕದಲ್ಲಿ ಗಾಂಧೀಜಿಯ ಚಿತ್ರ, ಮಧ್ಯೆ ಐದಾರು ಸಾಲು. ಗ್ರಾಹಕನೇ ನಮ್ಮಲ್ಲಿಗೆ ಬರುವ ಅತಿ ಮುಖ್ಯ ವ್ಯಕ್ತಿಯಂತೆ, ಅವನಿಗೆ ನಮ್ಮ ಹಂಗಿಲ್ಲವಂತೆ, ನಾವೇ ಅವನ ಹಂಗಿನಲ್ಲಿದ್ದೇವಂತೆ, ಸೇವೆ ಮಾಡೋಕೆ ಅವಕಾಶ ಕೊಟ್ಟು ಅವನೇ ನಮಗೆ ಉಪಕಾರ ಮಾಡ್ತಿದ್ದಾನಂತೆ. ಕೆಳಗೆ ಮಹಾತ್ಮನ ಹೆಸರು.

ನಮ್ಮೂರಿಗೆ ಹತ್ತಿರದ ಬ್ಯಾಂಕಿನಲ್ಲೂ ಅದು ಇತ್ತು. ಬೆಳೆಸಾಲದ ಕಾಗದ ಹಿಡಿದುಕೊಂಡು ನಮ್ಮಪ್ಪ ಆ ಬೋರ್ಡಿನ ಕೆಳಗೇ ಎಷ್ಟೋ ಮಧ್ಯಾಹ್ನ ನಿಂತಿದ್ದಾರೆ. ಸಾಹೇಬ್ರು ಊಟಕ್ಕೆ ಹೋಗಿದ್ದಾರೆ, ನಾಳೆ ಬಾ. ಅಪ್ಪನಿಗೆ ಅರವತ್ತು ದಾಟಿತ್ತು, ಹೇಳ್ತಿದ್ದ ಹುಡುಗನಿಗೆ ಇಪ್ಪತ್ತೈದು. ಅದಿರಲಿ ಬಿಡಿ.

ಆ ಮಾತು ಗಾಂಧೀಜಿಯದ್ದೇ ಅಲ್ಲ.

ನಮ್ಮ ಕೆಲಸದಲ್ಲಿ ಗಿಟ್ ಬ್ಲೇಮ್ ಅಂತ ಒಂದು ಕಮಾಂಡ್ ಇದೆ. ಪ್ರೋಗ್ರಾಮಿನ ಯಾವ ಸಾಲನ್ನು ಯಾರು, ಯಾವತ್ತು ಬರೆದರು ಅಂತ ತೋರಿಸುತ್ತೆ. ಗೋಡೆ ಮೇಲಿನ ಸಾಲಿಗೆ ಅಂಥ ಕಮಾಂಡ್ ಇಲ್ಲ, ಆದರೆ ಇಸವಿ ಅಂತ ಒಂದಿದೆ. ಈ ಮಾತನ್ನು ಹಂಚುವವರು ಸಾಮಾನ್ಯವಾಗಿ 1890ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಮಾಡಿದ ಭಾಷಣ ಅಂತ ಸೇರಿಸ್ತಾರೆ. 1890ರಲ್ಲಿ ಗಾಂಧಿ ಲಂಡನ್ನಿನಲ್ಲಿ ಕಾನೂನು ಓದ್ತಾ ಇದ್ದ ಹುಡುಗ. ದಕ್ಷಿಣ ಆಫ್ರಿಕಾಕ್ಕೆ ಕಾಲಿಟ್ಟಿದ್ದೇ 1893ರಲ್ಲಿ. ಹೈಸ್ಕೂಲು ಪಾಠದಲ್ಲಿರೋ ವಿಷಯ ಇದು, ಆದರೂ ಬೋರ್ಡ್ ಬರೆಸಿದ ಒಬ್ಬ ಮ್ಯಾನೇಜರಿಗೂ ಅನುಮಾನ ಬರಲಿಲ್ಲ.

ಮಾತಿನ ಬೇರು ಹುಡುಕಿಕೊಂಡು ಹೋದವರು ಬಂದು ನಿಂತಿದ್ದು ಅಮೆರಿಕದಲ್ಲಿ. ಪ್ರಿಂಟರ್ಸ್ ಇಂಕ್ ಅನ್ನೋ ಜಾಹೀರಾತು ವ್ಯಾಪಾರದ ಪತ್ರಿಕೆಯಲ್ಲಿ 1941ರಲ್ಲಿ ಇದೇ ಧಾಟಿಯ ಸಾಲುಗಳು ಅಚ್ಚಾದವು. ಹೇಳಿದವನು ಕೆನೆತ್ ಎಲಿಯಟ್, ಸ್ಟುಡ್‌ಬೇಕರ್ ಅನ್ನೋ ಕಾರ್ ಕಂಪನಿಯಲ್ಲಿ ಮಾರಾಟ ವಿಭಾಗದ ಉಪಾಧ್ಯಕ್ಷ. ಆಮೇಲೆ ಎಲ್.ಎಲ್. ಬೀನ್ ಅನ್ನೋ ಅಂಗಡಿಯವರು ಪೋಸ್ಟರ್ ಮಾಡಿ ಹಾಕಿಕೊಂಡರು. ಕಾರು ಮಾರುವವರಿಗೆ ಅವರ ಸಾಹೇಬ ಹೇಳಿದ ಬುದ್ಧಿಮಾತು. ಅದರಲ್ಲಿ ತಪ್ಪೇನಿಲ್ಲ.

ಇಷ್ಟು ಹೇಳಿದ ಕೂಡಲೇ ಒಬ್ಬರಾದರೂ ಕೇಳ್ತಾರೆ: ಯಾರು ಹೇಳಿದರೇನ್ರೀ, ಮಾತು ಒಳ್ಳೇದಲ್ವಾ? ನನಗೆ ರೇಗೋದೇ ಈ ಪ್ರಶ್ನೆಗೆ. ಯಾರು ಹೇಳಿದರೂ ಒಂದೇ ಅನ್ನೋದಾದರೆ ಎಲಿಯಟ್ ಹೆಸರನ್ನೇ ಬರೆಸಬಹುದಿತ್ತಲ್ಲ? ಬರೆಸಲ್ಲ. ಆ ಹೆಸರಿಗೆ ಯಾರೂ ಕೈ ಮುಗಿಯಲ್ಲ. ಗಾಂಧಿ ಹೆಸರಿದ್ದರೆ ಓದಿದವನು ತಲೆಯಾಡಿಸಿ ಸುಮ್ಮನಾಗ್ತಾನೆ, ಎದುರಿಗಿರೋ ಖಾಲಿ ಕುರ್ಚಿ ಬಗ್ಗೆ ಕೇಳೋಕೆ ಹೋಗಲ್ಲ.

ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಗ್ರಾಹಕನ ಪಾಡಿನ ಬಗ್ಗೆ ಗಾಂಧೀಜಿ ನಿಜವಾಗಿಯೂ ಬರೆದಿದ್ದಾರೆ. ಅದು ಮಾತ್ರ ಯಾವ ಗೋಡೆಯ ಮೇಲೂ ಇಲ್ಲ.

1915ರಲ್ಲಿ ದೇಶಕ್ಕೆ ವಾಪಸು ಬಂದ ಮೇಲೆ ಅವರು ರೈಲಿನ ಮೂರನೇ ದರ್ಜೆಯಲ್ಲೇ ಓಡಾಡಿದರು. 1917ರ ಸೆಪ್ಟೆಂಬರಿನಲ್ಲಿ ರಾಂಚಿಯಿಂದ ಪತ್ರಿಕೆಗಳಿಗೆ ಒಂದು ಉದ್ದನೆ ಪತ್ರ ಬರೆದರು. ಮುಂಬಯಿಯಿಂದ ಮದರಾಸಿಗೆ ಮೇಲ್ ಗಾಡಿಯಲ್ಲಿ ಹೋದ ಕಥೆ ಅದರಲ್ಲಿದೆ. ಟಿಕೆಟ್ಟಿಗೆ 13 ರೂಪಾಯಿ 9 ಆಣೆ. ಡಬ್ಬಿ ಮೇಲೆ 22 ಜನಕ್ಕೆ ಅಂತ ಬರೆದಿತ್ತು, ಒಂದು ರಾತ್ರಿಯ ಬಹುಪಾಲು ಒಳಗಿದ್ದವರು 35 ಜನ. ಕುಡಿಯೋಕೆ ಟೀ ಅಂತ ಕೊಟ್ಟಿದ್ದು ಒಗರು ನೀರು, ಗಲೀಜು ಸಕ್ಕರೆ. ಇಡೀ ಪ್ರಯಾಣದಲ್ಲಿ ಒಂದು ಸಲವೂ ಡಬ್ಬಿ ಗುಡಿಸಲಿಲ್ಲ. ನಮ್ಮ ರಾಯಚೂರು ದಾಟಿದ ಮೇಲಂತೂ ನೂಕುನುಗ್ಗಲು ತಡೆಯೋಕಾಗದಷ್ಟು. ಗಾರ್ಡು ಬಂದರೆ ಇನ್ನಷ್ಟು ಜನರನ್ನು ಒಳಗೆ ತಳ್ಳೋಕೆ ಮಾತ್ರ. ಒಬ್ಬ ಮೇಮನ್ ವ್ಯಾಪಾರಿ ಎದುರು ಮಾತಾಡಿದ. ಸ್ವಾಮಿ, ರೈಲಿನಲ್ಲಿ ನನಗಿದು ಐದನೇ ರಾತ್ರಿ ಅಂದ. ಗಾರ್ಡು ಅವನಿಗೆ ಅವಮಾನ ಮಾಡಿ, ದೂರೇನಿದ್ದರೂ ಕೊನೇ ಸ್ಟೇಷನ್ನಿನಲ್ಲಿ ಮೇಲಿನವರಿಗೆ ಹೇಳಿಕೋ ಅಂತ ಸಾಗಹಾಕಿದ. ನೂರು ವರ್ಷದ ಹಿಂದಿನ 'ಹೆಡ್ಡಾಫೀಸಿಗೆ ಹೋಗಿ'!

ಆಮೇಲೆ ಶುರುವಾಗುತ್ತೆ ಲೆಕ್ಕ. ಮೊದಲ ದರ್ಜೆಯ ದರ ಮೂರನೆಯದರ ಐದು ಪಟ್ಟಿಗೂ ಮೇಲೆ. ಹಾಗಾದರೆ ಮೂರನೇ ದರ್ಜೆಯವನಿಗೆ ಐದರಲ್ಲೊಂದು ಪಾಲು ಸುಖ ಸಿಗ್ತಿದೆಯಾ? ಹೋಗಲಿ, ಹತ್ತರಲ್ಲೊಂದು? ಬಡವರ ಟಿಕೆಟ್ ದುಡ್ಡಿನಲ್ಲೇ ಮೇಲಿನ ದರ್ಜೆಗಳ ಐಷಾರಾಮ ನಡೀತಿದೆ ಅಂತ ನೇರವಾಗಿ ಬರೀತಾರೆ.

ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎಲಿಯಟ್ ಕೌಂಟರಿನ ಒಳಗೆ ಕೂತವನು, ಗಿರಾಕಿಯನ್ನು ಕಳಕೊಂಡರೆ ಕಂಪನಿ ಮುಳುಗುತ್ತೆ ಅನ್ನೋದು ಅವನ ಚಿಂತೆ. ಗಾಂಧಿ ಟಿಕೆಟ್ ಹಿಡಿದು ಹೊರಗೆ ನಿಂತವರು, ದುಡ್ಡು ಕೊಟ್ಟವನನ್ನು ದನದ ಹಾಗೆ ತುಂಬಿದ್ದಕ್ಕೆ ಅವರ ಸಿಟ್ಟು. ಅಂಥವರನ್ನು ಎಳೆದು ತಂದು ಕೌಂಟರಿನ ಒಳಗೆ ಕೂರಿಸಿ, ಮ್ಯಾನೇಜರ್ ಪರವಾಗಿ ನಗುನಗುತ್ತಾ ಮಾತಾಡಿಸಿದ್ದೇವೆ.

ಇಂಥದ್ದೇ ಇನ್ನೊಂದು ಮಾತು ನಮ್ಮ ಐಟಿ ಆಫೀಸುಗಳಿಗೆ ಬಹಳ ಪ್ರೀತಿ. ಮೊದಲು ನಿಮ್ಮನ್ನು ಕಡೆಗಣಿಸ್ತಾರೆ, ಆಮೇಲೆ ನಗ್ತಾರೆ, ಆಮೇಲೆ ಜಗಳಕ್ಕೆ ಬರ್ತಾರೆ, ಕೊನೆಗೆ ಗೆಲ್ಲೋದು ನೀವೇ ಅನ್ನೋ ಅರ್ಥದ್ದು. ಅದಕ್ಕೂ ಗಾಂಧಿಯದ್ದೇ ಫೋಟೋ. ಈ ಧಾಟಿಯ ಮಾತನ್ನು 1918ರಲ್ಲಿ ಆಡಿದವನು ನಿಕೋಲಸ್ ಕ್ಲೈನ್, ಬಾಲ್ಟಿಮೋರ್‌ನಲ್ಲಿ, ಬಟ್ಟೆ ಹೊಲಿಯುವ ಕಾರ್ಮಿಕರ ಯೂನಿಯನ್ ಸಮ್ಮೇಳನದಲ್ಲಿ. ಅವನ ಪ್ರಕಾರ ಕೊನೆಯಲ್ಲಿ ಸಿಗೋದು ಸ್ಮಾರಕ. ಯೂನಿಯನ್ ಅನ್ನೋ ಪದ ಕೇಳಿದರೇ ಬೆಚ್ಚಿಬೀಳುವ ಮ್ಯಾನೇಜರುಗಳು ಯೂನಿಯನ್ನಿನವನ ಮಾತನ್ನೇ ಸ್ಲೈಡಿಗೆ ಹಾಕಿ ಚಪ್ಪಾಳೆ ಗಿಟ್ಟಿಸ್ತಾರೆ. ನಾನೇ ಎರಡು ಸಲ ನೋಡಿದ್ದೇನೆ.

ಕನ್ನಡದವರಿಗೆ ಇದು ಹೊಸ ಚಾಳಿಯೇನಲ್ಲ. ಮೂರು ಸಾಲು ಕಟ್ಟಿ ಕೊನೆಗೆ ಸರ್ವಜ್ಞ ಅಂದುಬಿಟ್ಟರೆ ತ್ರಿಪದಿ ಅವನದೇ ಆಗಿಬಿಡುತ್ತೆ, ಯಾವುದು ಅಸಲಿ ಯಾವುದು ಪ್ರಕ್ಷಿಪ್ತ ಅಂತ ವಿದ್ವಾಂಸರು ತಲೆ ಕೆಡಿಸಿಕೊಳ್ಳಬೇಕು. ಆದರೆ ಸರ್ವಜ್ಞನ ಪದ ಬಾಯಿಂದ ಬಾಯಿಗೆ ಬಂದದ್ದು, ಅವನ ಕೈಬರಹ ನಮ್ಮ ಹತ್ತಿರ ಇಲ್ಲ. ಗಾಂಧೀಜಿ ಬರೆದದ್ದು, ಆಡಿದ್ದು ಇಂಗ್ಲಿಷಿನಲ್ಲಿ ನೂರು ಸಂಪುಟಗಳಾಗಿ ಅಚ್ಚಾಗಿದೆ, ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತೆ. ಇಲ್ಲಿ ನೆಪ ಹೇಳೋಕೆ ಜಾಗ ಇಲ್ಲ.

ಬ್ಯಾಂಕಿನವರು ಬೋರ್ಡ್ ಕಿತ್ತು ಹಾಕಲಿ ಅಂತ ನಾನು ಹೇಳ್ತಿಲ್ಲ. ಹೆಸರು ಒರೆಸಿ ಕೆನೆತ್ ಎಲಿಯಟ್, ಸ್ಟುಡ್‌ಬೇಕರ್ ಕಾರ್ ಕಂಪನಿ ಅಂತ ಬರೆಸಲಿ. ಗಾಂಧೀಜಿ ಬೇಕೇ ಬೇಕು ಅಂದರೆ ರೈಲ್ವೆಯವರು 1917ರ ಪತ್ರದ ಆ ಎರಡು ಪ್ಯಾರಾ ಕನ್ನಡಕ್ಕೆ ತಂದು, ರಾಯಚೂರು ಸ್ಟೇಷನ್ನಿನ ಜನರಲ್ ಟಿಕೆಟ್ ಕೌಂಟರಿನ ಪಕ್ಕ ಹಾಕಲಿ. ಪೇಂಟರ್ ಖರ್ಚು ನನ್ನದು.