ಬೀದಿಯ ಮೂಲೆಯಲ್ಲಿ ಶನೈಶ್ಚರ

ಶನಿಯ ಹೆಸರನ್ನು ಕೇಳದ ಮನೆ ನಮ್ಮಲ್ಲಿ ಇರಲಾರದು. ಏಳೂವರೆ ವರ್ಷದ ಕಾಟ ಯಾರಿಗೆ ಬಿಟ್ಟಿತು, ಯಾರಿಗೆ ಹಿಡಿಯಿತು ಎಂಬುದನ್ನು ಪಂಚಾಂಗ ತೆರೆಯದೆಯೇ ಹೇಳಬಲ್ಲ ಅಜ್ಜಿಯರುಂಟು. ಶನಿವಾರ ಎಳ್ಳೆಣ್ಣೆಯ ದೀಪ ಹಚ್ಚುವವರಿಗೂ ಕೊರತೆಯಿಲ್ಲ. ಆದರೆ ಆ ಗ್ರಹದ ಬಳೆಯನ್ನು ಕಣ್ಣಾರೆ ಕಂಡವರೆಷ್ಟು ಮಂದಿ? ಇಷ್ಟೊಂದು ಹೆದರುವ ಮಹಾನುಭಾವನ ಮುಖವನ್ನು ಒಮ್ಮೆಯೂ ನೋಡದಿರುವುದು ವಿಚಿತ್ರವೇ ಸರಿ.

ಆ ಮುಖವನ್ನು ದಾರಿಹೋಕರಿಗೆಲ್ಲ ತೋರಿಸುವುದನ್ನೇ ವ್ರತವಾಗಿ ಹಿಡಿದವರೊಬ್ಬರು ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿದ್ದರು; ಹೆಸರು ಜಾನ್ ಡಾಬ್ಸನ್. 1915ರಲ್ಲಿ ಪೀಕಿಂಗ್‌ನಲ್ಲಿ ಹುಟ್ಟಿ, ರಸಾಯನಶಾಸ್ತ್ರವನ್ನು ಓದಿದ ಇವರು 1944ರಲ್ಲಿ ಸೇರಿದ್ದು ರಾಮಕೃಷ್ಣ ಸಂಪ್ರದಾಯದ ವೇದಾಂತ ಮಠವನ್ನು! ವೇದಾಂತಕ್ಕೂ ಖಗೋಳಶಾಸ್ತ್ರಕ್ಕೂ ಸಮನ್ವಯವನ್ನು ಹುಡುಕುವುದು ಅಲ್ಲಿ ಅವರ ಪಾಲಿಗೆ ಬಂದ ಕೆಲಸಗಳಲ್ಲೊಂದು. ಹುಡುಕುವವನಿಗೆ ಆಕಾಶವನ್ನು ನೋಡುವ ಆಸೆ ಹುಟ್ಟಿತು. ದುರ್ಬೀನು ಕೊಳ್ಳಲು ಸಂನ್ಯಾಸಿಯ ಬಳಿ ಕಾಸಿಲ್ಲ. ಹಡಗಿನ ಕಿಟಕಿಯ ಹಳೆಯ ದಪ್ಪ ಗಾಜನ್ನು ಕೈಯಿಂದಲೇ ಉಜ್ಜಿ ಉಜ್ಜಿ ಕನ್ನಡಿ ಮಾಡಿದರು. ರಟ್ಟಿನ ಕೊಳವೆಯಲ್ಲಿ ಅದನ್ನು ಕೂರಿಸಿ, ತೋಪಿನ ಬಂಡಿಯಂತೆ ಎತ್ತ ಬೇಕಾದರೂ ತಿರುಗುವ ಮರದ ಪೀಠವೊಂದನ್ನು ಕೊಟ್ಟರು. ರಾತ್ರಿಯ ಹೊತ್ತು ಅದನ್ನು ನೆರೆಯ ಬೀದಿಗಳಿಗೆ ಉರುಳಿಸಿಕೊಂಡು ಹೋಗಿ ಮಕ್ಕಳಿಗೆ ಚಂದ್ರನನ್ನು ತೋರಿಸುತ್ತಿದ್ದರು. ಮಠದಿಂದ ಹೊರಗಿರುವುದು ಹೆಚ್ಚಾಯಿತೆಂಬ ಆಕ್ಷೇಪ ಬಂದು, 1967ರಲ್ಲಿ ಅವರು ಮಠವನ್ನು ಬಿಡಬೇಕಾಯಿತು. ಕಾವಿ ಹೋಯಿತು, ಕೊಳವೆ ಉಳಿಯಿತು. ಮರುವರ್ಷವೇ ‘ಸೈಡ್‌ವಾಕ್ ಆಸ್ಟ್ರಾನಮರ್ಸ್’ ಎಂಬ ಹವ್ಯಾಸಿಗಳ ಕೂಟ ಹುಟ್ಟಿತು.

ನಗರದ ದೀಪಗಳ ನಡುವೆ ನಕ್ಷತ್ರ ನೋಡುವುದುಂಟೇ ಎಂದು ಬಲ್ಲವರು ನಗಬಹುದು. ಮಂಕಾದ ನೀಹಾರಿಕೆಗಳು ಆ ಬೆಳಕಿನಲ್ಲಿ ಮುಳುಗಿಹೋಗುವುದು ನಿಜ. ಆದರೆ ಚಂದ್ರ, ಗುರು, ಶನಿ ಇವರನ್ನು ಮುಳುಗಿಸುವಷ್ಟು ಶಕ್ತಿ ಬೀದಿದೀಪಕ್ಕಿಲ್ಲ. ಜನರನ್ನು ಕತ್ತಲೆಯ ಬೆಟ್ಟಕ್ಕೆ ಕರೆಯುವ ಬದಲು ಜನ ನಡೆಯುವಲ್ಲಿಗೇ ದುರ್ಬೀನನ್ನು ತಂದದ್ದು ಡಾಬ್ಸನ್ನರ ಜಾಣತನ. ಏಣಿಯ ಮೇಲೆ ಹತ್ತಿ, ಕೊಳವೆಯ ತುದಿಗೆ ಕಣ್ಣಿಟ್ಟವರಿಗೆ ಕಾಣುವುದು ಪುಟ್ಟದೊಂದು ಹಳದಿಯ ಗುಂಡು, ಸುತ್ತ ಒಂದು ಬಳೆ. ಒಳಗೆ ಚಿತ್ರ ಅಂಟಿಸಿದ್ದಾರೆಯೇ ಎಂದು ಕೊಳವೆಯ ಬಾಯನ್ನು ಬಗ್ಗಿ ನೋಡುವವರೂ ಇರುತ್ತಾರೆ. 1610ರಲ್ಲಿ ಗೆಲಿಲಿಯೋ ಮಹಾಶಯನಿಗೇ ಇದು ಬಳೆಯೆಂದು ತಿಳಿಯಲಿಲ್ಲ. ಮೂರು ಗೋಲಗಳು ಸಾಲಾಗಿ ನಿಂತಿವೆಯೆಂದು ಭಾವಿಸಿದನು. ರಟ್ಟಿನ ಕೊಳವೆಯ ಮುಂದೆ ನಿಂತ ಹುಡುಗ ಅವನಿಗಿಂತ ಚೆನ್ನಾಗಿ ಕಾಣುತ್ತಾನೆ. ಆ ಕಣ್ಣಿಗೆ ಬಿದ್ದ ಬೆಳಕು ಶನಿಯನ್ನು ಬಿಟ್ಟು ಒಂದು ಗಂಟೆಗೂ ಮಿಗಿಲಾಗಿರುತ್ತದೆ.

ಅಜ್ಜಿಯ ಲೆಕ್ಕವೂ ಆಕಾಶದ್ದೇ ಎಂಬುದನ್ನು ಇಲ್ಲಿ ಮರೆಯಲಾಗದು. ಶನಿ ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಹನ್ನೆರಡು ರಾಶಿಗಳಿಗೆ ಹಂಚಿದರೆ ಒಂದೊಂದಕ್ಕೆ ಎರಡೂವರೆ ವರ್ಷ. ಮೂರು ರಾಶಿಗೆ ಏಳೂವರೆ. ಹೀಗೆ ಎಣಿಸಿದ ಪೂರ್ವಿಕರು ಬರಿಗಣ್ಣಿನಿಂದಲೇ ಎಷ್ಟು ರಾತ್ರಿ ಕಾದಿರಬೇಕು! ಕಾಟವೆಂಬ ಮಾತು ಮಾತ್ರ ದುರ್ಬೀನಿಗೆ ಸಿಕ್ಕುವಂಥದಲ್ಲ.

ಡಾಬ್ಸನ್ 2014ರಲ್ಲಿ, ತೊಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮರದ ಪೀಠದ ಮಾದರಿ ಇಂದು ಲೋಕದ ಹವ್ಯಾಸಿಗಳೆಲ್ಲರ ಸೊತ್ತು. ಬೆಂಗಳೂರಿನ ಹವ್ಯಾಸಿ ಕೂಟಗಳೂ ಅಂಥ ದುರ್ಬೀನುಗಳನ್ನಿಟ್ಟು ಸಾರ್ವಜನಿಕರಿಗೆ ಆಕಾಶವನ್ನು ತೋರಿಸುವುದುಂಟು. 2025ರಲ್ಲಿ ಶನಿಯ ಬಳೆ ಅಂಚನ್ನಷ್ಟೇ ಭೂಮಿಗೆ ತೋರಿ, ಗೆರೆಯಂತೆ ಸಣ್ಣಗಾಗಿತ್ತು. ಆಗ ನೋಡಿ ನಿರಾಶರಾದವರು ಮತ್ತೊಮ್ಮೆ ಸಾಲಿನಲ್ಲಿ ನಿಲ್ಲಬಹುದು. 2032ರ ಸುಮಾರಿನವರೆಗೆ ಬಳೆ ವರ್ಷ ವರ್ಷಕ್ಕೂ ಅಗಲವಾಗಿ ತೆರೆದುಕೊಳ್ಳುತ್ತ ಹೋಗುತ್ತದೆ.