ಎಲ್ಲಾದ್ಕೂ ಗ್ಯಾಸು ಅನ್ಬ್ಯಾಡಿ ಕಣ್ರವ್ವಾ

ನಮ್ಮ ಗುಂಡ್ಲುಪೇಟೆ ಕಡೆ ಹೆಂಗಸ್ರಿಗೆ ಏನೇ ಬರ್ಲಿ, ಅದ್ಕೆ ಒಂದೇ ಹೆಸ್ರು: ಗ್ಯಾಸು. ಎದೆ ಉರುದ್ರೂ ಗ್ಯಾಸು, ಬೆನ್ನು ಹಿಡ್ಕಂಡ್ರೂ ಗ್ಯಾಸು, ಕೆಮ್ಮು ಬಂದ್ರೂ ಗ್ಯಾಸು. ನಾನೂ ಹಂಗೇ ಅಂತಿದ್ದೆ. ಆ ಒಂದು ಮಾತಿಂದ ನಮ್ಮತ್ತೆ ವಿಷಯದಲ್ಲಿ ಎರಡು ವರ್ಷ ಕಳ್ಕಂಡ್ವಿ. ಅದ್ಕೇ ಇದ್ನ ಬರೀತಾ ಇವ್ನಿ.

ಅತ್ತೆಗೆ ಮೊದ್ಲಿಂದ್ಲೂ ಹುಳಿತೇಗು. ಚೆಂಡುಹೂವಿನ ಹೊಲದಿಂದ ಬಂದು, ಎಲ್ರಿಗೂ ಇಕ್ಕಿ, ರಾತ್ರಿ ಹತ್ತಕ್ಕೆ ಮುದ್ದೆ ಉಂಡು ಹಂಗೇ ಮಲೀಕತಿದ್ರು. ಆಮೇಲೆ ಒಣಕೆಮ್ಮು ಹತ್ಕಂತು. ಕಫ ಇಲ್ಲ, ಜ್ವರ ಇಲ್ಲ. ನಾನು ಆಸ್ಪತ್ರೆಗೆ ಕರುದ್ರೆ "ಬುಡವ್ವ, ಗ್ಯಾಸು ಕನ" ಅಂದ್ರು. ಅಂಗಡಿಯಿಂದ ಗ್ಯಾಸ್ ಮಾತ್ರೆ ತಂದುಕೊಟ್ವಿ. ಎದೆ ಉರಿ ಕಮ್ಮಿ ಆಯ್ತು, ಕೆಮ್ಮು ಕಮ್ಮಿ ಆಗ್ನಿಲ್ಲ. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದಾಗ ಬಸ್ಸಿಂದ ಇಳ್ದು ಮೆಟ್ಲು ಹತ್ತಕ್ಕೆ ಮೂರು ಸಲ ಕೂತ್ಕಂಡ್ರು. ಆಗ್ಲೂ "ವಯಸ್ಸಾಯ್ತಲ್ಲ" ಅಂದ್ಬುಟ್ವಿ.

ಕೊನೆಗೆ ಮೈಸೂರಲ್ಲಿ ಒಬ್ರು ಡಾಕ್ಟ್ರು ಬೆನ್ನಿನ ಕೆಳಭಾಗಕ್ಕೆ ಸ್ಟೆತಸ್ಕೋಪು ಇಟ್ಟು ಕೇಳುದ್ರು. ಉಸ್ರು ಎಳ್ಕಂಡಾಗೆಲ್ಲ ಚರಚರ ಸದ್ದು, ಚಪ್ಪಲಿಯ ವೆಲ್ಕ್ರೋ ಪಟ್ಟಿ ಕಿತ್ತಂಗೆ. ಸಿ.ಟಿ. ಸ್ಕ್ಯಾನು ಮಾಡಿಸ್ದಾಗ ಗೊತ್ತಾಯ್ತು, ಶ್ವಾಸಕೋಶ ಗಾಯ ಮಾದ ಕಲೆಯಂಗೆ ಗಟ್ಟಿ ಆಗ್ತಾ ಬಂದದೆ ಅಂತ. ಇದ್ಕೆ ಪಲ್ಮನರಿ ಫೈಬ್ರೋಸಿಸ್ ಅಂತಾರೆ. ಹುಡುಕುದ್ರೂ ಕಾರಣ ಸಿಕ್ದೆ ಇದ್ದಾಗ ಐ.ಪಿ.ಎಫ್. ಅಂತ ಹೆಸ್ರು. ಆದ ಕಲೆ ವಾಪಸ್ ಮೆತ್ತಗಾಗಲ್ಲ.

"ಹಂಗಾರೆ ಆ ಹುಳಿತೇಗಿಂದ್ಲೇ ಬಂತಾ ಸಾರ್?" ಅಂತ ಕೇಳ್ದೆ. ಅವರು ಹೇಳಿದ್ದನ್ನ ನನಗೆ ಅರ್ಥ ಆದಂಗೆ ಹೇಳ್ತೀನಿ. ಅನ್ನನಾಳದ ಕೆಳಗಿನ ಬಾಯಿ ಸಡಿಲ ಆದ್ರೆ ಮಲಗಿದ್ದಾಗ ಹೊಟ್ಟೆಯ ಹುಳಿನೀರು ಮೇಲಕ್ಕೆ ಬತ್ತದೆ. ಒಂದೊಂದು ಹನಿ ನಮಗೆ ಗೊತ್ತಾಗ್ದಂಗೆ ಉಸಿರಿನ ಕೊಳವೆಗೆ ಇಳೀತದೆ. ಹಂಗೆ ವರ್ಷಗಟ್ಲೆ ಸುಟ್ಟು ಸುಟ್ಟು ಗಾಯ ಆಗಬಹುದು ಅಂತ ಒಂದು ವಾದ. ಐ.ಪಿ.ಎಫ್. ಇರೋರಲ್ಲಿ ಬಾಳ ಜನಕ್ಕೆ ಈ ತೊಂದ್ರೆ ಇರ್ತದೆ, ಕೆಲವರಿಗೆ ಎದೆ ಉರಿಯೇ ಇಲ್ದೆ. ಇನ್ನೊಂದು ವಾದ ಉಲ್ಟಾ: ಗಟ್ಟಿಯಾದ ಶ್ವಾಸಕೋಶ ಉಸಿರಿಗೆ ಜೋರಾಗಿ ಎಳೆಯೋದ್ರಿಂದ ಹೊಟ್ಟೆಯದು ಮೇಲಕ್ಕೆ ಬತ್ತದೆ.

2011ರಲ್ಲಿ ದೊಡ್ಡ ದೊಡ್ಡ ಶ್ವಾಸಕೋಶ ತಜ್ಞರ ಸಂಘಗಳು ಸೇರಿ, ಈ ಕಾಯಿಲೆಯವರಲ್ಲಿ ಹೆಚ್ಚಿನವರಿಗೆ ಆಮ್ಲಕ್ಕೂ ಔಷಧಿ ಕೊಡಿ ಅಂದಿದ್ವು. 2018ರಲ್ಲಿ ಅಮೆರಿಕದಲ್ಲಿ 58 ರೋಗಿಗಳ ಮೇಲೆ, ಹುಳಿನೀರು ಮೇಲೆ ಬರದಂಗೆ ಆಪರೇಷನ್ ಮಾಡಿದ್ರೆ ಹೆಂಗೆ ಅಂತ ನೋಡಿದ ಫಲಿತಾಂಶ ಬಂತು. ಶ್ವಾಸಕೋಶದ ಮಟ್ಟಿಗೆ ಖಚಿತವಾದ ಲಾಭ ಕಾಣ್ನಿಲ್ಲ. 2022ರಲ್ಲಿ ಅದೇ ಸಂಘಗಳು, ಶ್ವಾಸಕೋಶ ಸರಿ ಆಗ್ಲಿ ಅಂತ ಮಾತ್ರ ಗ್ಯಾಸ್ ಮಾತ್ರೆ ಕೊಡಬೇಡಿ ಅಂತ ಮಾತು ಬದಲಾಯಿಸಿದ್ವು. ಎದೆ ಉರಿಗೆ ಕೊಡಬಹುದು, ಅದು ಬೇರೆ. ಮಾತ್ರೆ ಹುಳಿ ತಗ್ಗಿಸ್ತದೆ, ನೀರು ಮೇಲಕ್ಕೆ ಬರೋದನ್ನ ನಿಲ್ಸಲ್ಲ.

ನಾನು ಹೇಳೋದು ಇಷ್ಟೇ ಕಣ್ರವ್ವಾ. ಹುಳಿತೇಗನ್ನ ಅಸಡ್ಡೆ ಮಾಡ್ಬ್ಯಾಡಿ, ಆದ್ರೆ ಗ್ಯಾಸು ಅಂದ್ಬುಟ್ಟು ಅಲ್ಲಿಗೇ ನಿಲ್ಲಿಸ್ಲೂ ಬ್ಯಾಡಿ. ನಮ್ಮ ಎರಡು ವರ್ಷ ಹೋಗಿದ್ದು ಹುಳಿತೇಗಿಂದ ಅಲ್ಲ, ಆ ಹೆಸರಿಂದ. ಗಂಡಸ್ರಿಗೆ ಕೆಮ್ಮು ಬಂದ್ರೆ ಮಾರನೇ ದಿನವೇ ಎಕ್ಸ್‌ರೇ. ನಮಗೆ ಮಾತ್ರ ಅಂಗಡಿ ಮಾತ್ರೆ ಸಾಕಾ?

ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆ ಮಾಡಿಸಿ, ಟಿ.ಬಿ.ಗೆ ದುಡ್ಡಿಲ್ದೆ ನೋಡ್ತಾರೆ. ಟಿ.ಬಿ. ಇಲ್ಲ ಅಂದ ಮೇಲೂ ಕೆಮ್ಮು ಹೋಗ್ದಿದ್ರೆ, ನಡುದ್ರೆ ಏದುಸಿರು ಬಂದ್ರೆ, ಉಗುರು ಉಬ್ಬಿ ಬಾಗಿದ್ರೆ, "ಬೆನ್ನಿಗೆ ಇಟ್ಟು ಕೇಳಿ ಸಾರ್" ಅಂತ ನಾವೇ ಬಾಯ್ಬುಟ್ಟು ಕೇಳ್ಬೇಕು. ಎಕ್ಸ್‌ರೇ ಚೆನ್ನಾಗದೆ ಅಂದ್ರೂ ಶುರುವಿನ ಕಲೆ ಅದರಲ್ಲಿ ಕಾಣ್ದೆ ಇರಬಹುದು. ಮನೆಯಲ್ಲಿ ಪಾರಿವಾಳ, ಏರ್ ಕೂಲರು, ಬೂಷ್ಟು ಹಿಡಿದ ಹುಲ್ಲು ಅದಾ ಅಂತ ಡಾಕ್ಟ್ರು ಕೇಳುದ್ರೆ ನಗಬ್ಯಾಡಿ. 2017ರಲ್ಲಿ ಬಂದ ನಮ್ಮ ದೇಶದ ಲೆಕ್ಕದಲ್ಲಿ, ಇಂಥ ಶ್ವಾಸಕೋಶದ ಕಾಯಿಲೆಯ 1,084 ಜನರಲ್ಲಿ ಅರ್ಧದ ಹತ್ರ ಜನಕ್ಕೆ ಉಸಿರಲ್ಲಿ ಒಳಗೆ ಹೋಗಿದ್ದು ಒಗ್ಗದೆ ಬಂದಿತ್ತು.

ಮನೇಲಿ ಮಾಡೋದು ಏನಪ್ಪಾ ಅಂದ್ರೆ, ಉಂಡು ಎರಡು ಮೂರು ಗಂಟೆ ಆದ್ಮೇಲೆ ಮಲಗೋದು. ಮಂಚದ ತಲೆಕಡೆ ಕಾಲಿಗೆ ಇಟ್ಟಿಗೆ ಕೊಟ್ಟು ಅರ್ಧ ಅಡಿ ಎತ್ತರಿಸೋದು, ದಿಂಬು ಪೇರಿಸಿದ್ರೆ ಸಾಲದು. ಡಾಕ್ಟ್ರು ಬರೆದ ಮಾತ್ರೆ ನೀವಾಗೇ ನಿಲ್ಲಿಸಬ್ಯಾಡಿ, ಬರೀದೆ ಇದ್ದದ್ದನ್ನ ವರ್ಷಗಟ್ಲೆ ನುಂಗಬ್ಯಾಡಿ.

ಅತ್ತೆಗೆ ಈಗ ಕಲೆ ಹಬ್ಬೋದನ್ನ ನಿಧಾನ ಮಾಡೋ ಔಷಧಿ ನಡೀತಾ ಅದೆ. ಹೊಲಕ್ಕೆ ಹೋಗಕ್ಕಾಗಲ್ಲ, ಜಗಲೀಲಿ ಕೂತು ಹೂ ಕಟ್ತಾರೆ. ಈಗ ಎಲ್ರಿಗಿಂತ ಮುಂಚೆ, ಏಳು ಗಂಟೆಗೇ ಅವರಿಗೆ ಇಕ್ತೀನಿ. ಮೊದಮೊದಲು "ಗಂಡಸ್ರು ಉಣ್ಣಕ್ಕೆ ಮುಂಚೆ ನಾನು ಉಣ್ಣದಾ?" ಅಂತ ಬಯ್ದ್ರು. ಈಗ ಏಳಾಗ್ತಿದ್ದಂಗೆ ಅವರೇ ತಟ್ಟೆ ಹಿಡ್ಕಂಡು ಬತ್ತಾರೆ.